ಟಿಕೆಟ್ ತಪ್ಪಿದವರು ಬೆಂಬಲ ಹೇಳಲು ತಡ ಮಾಡುವುದೇಕೆ?

ಮಾಯಕೊಂಡ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿಂದೀಚೆಗೆ ನಾಲ್ಕು ಚುನಾವಣೆ ನಡೆದು ನಾಲ್ವರು ಬೇರೆ ಬೇರೆ ಶಾಸಕರು ಬಂದಿದ್ದಾರೆ. 2008ರಲ್ಲಿ ಬಿಜೆಪಿಯ ಎಂ. ಬಸವರಾಜ ನಾಯ್ಕ, 2013ರಲ್ಲಿ ಕಾಂಗ್ರೆಸ್ಸಿನ ಕೆ. ಶಿವಮೂರ್ತಿ ನಾಯ್ಕ, 2018ರಲ್ಲಿ ಬಿಜೆಪಿಯ ಪ್ರೊ. ಎನ್. ಲಿಂಗಣ್ಣ, 2023ರಲ್ಲಿ ಕಾಂಗ್ರೆಸ್ಸಿನ ಕೆ.ಎಸ್. ಬಸವಂತಪ್ಪ. ಇವರಲ್ಲಿ ಒಬ್ಬರೂ ಇಲ್ಲಿಂದ ಎರಡನೇ ಸಲ ಗೆದ್ದಿಲ್ಲ. 2018ರಲ್ಲಿ ಕಾಂಗ್ರೆಸ್ ತನ್ನ ಹಾಲಿ ಶಾಸಕರಿಗೆ ಟಿಕೆಟ್ ಕೊಡಲಿಲ್ಲ, ಸೋತಿತು. 2023ರಲ್ಲಿ ಬಿಜೆಪಿ ತನ್ನ ಹಾಲಿ ಶಾಸಕರಿಗೆ ಟಿಕೆಟ್ ಕೊಡಲಿಲ್ಲ, ಅದೂ ಸೋತಿತು.

ಟಿಕೆಟ್ ಕೊಡದಿದ್ದಕ್ಕೇ ಸೋತರು ಎಂದು ನಾನು ಹೇಳುತ್ತಿಲ್ಲ. ರಾಜ್ಯದಲ್ಲಿ ಬೀಸಿದ ಗಾಳಿ, ಅಭ್ಯರ್ಥಿಯ ಬಲ, ಎದುರಾಳಿಯ ಓಡಾಟ ಎಲ್ಲವೂ ಅದರಲ್ಲಿವೆ. ಆದರೆ ಇಂಥ ಕ್ಷೇತ್ರದಲ್ಲಿ ಒಂದು ಬಗೆಯ ಜನ ಹೆಚ್ಚುತ್ತಲೇ ಹೋಗುತ್ತಾರೆ. ಮಾಜಿ ಶಾಸಕರು, ಪರಾಜಿತ ಅಭ್ಯರ್ಥಿಗಳು, ಹೋದ ಸಲ ಟಿಕೆಟ್ ಕೇಳಿ ಸಿಗದೆ ಉಳಿದವರು. ಮುಂದಿನ ಚುನಾವಣೆಗೆ ಪಕ್ಷ ಒಬ್ಬರ ಹೆಸರು ಪ್ರಕಟಿಸಿದ ದಿನ ಪತ್ರಕರ್ತರು ಮೊದಲು ಹೋಗುವುದು ಇವರ ಮನೆಗೆ. ಅಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಕಾರ್ಯಕರ್ತರ ಸಭೆ ಕರೆದು, ಅವರ ಅಭಿಪ್ರಾಯ ಕೇಳಿ ನಿರ್ಧಾರ ತಿಳಿಸುತ್ತೇನೆ.

ಆ ಸಭೆ ನಡೆಯುತ್ತದೆ, ನಿರ್ಧಾರ ಬರುವುದಿಲ್ಲ. ಅಭ್ಯರ್ಥಿಗೆ ಬೆಂಬಲ ಅನ್ನುವುದೂ ಇಲ್ಲ, ವಿರೋಧ ಅನ್ನುವುದೂ ಇಲ್ಲ. ಊರಿನಲ್ಲಿ ಅದಕ್ಕೆ ಕೊಡುವ ವಿವರಣೆ ಸರಳ. ಮುನಿಸಿಕೊಂಡಿದ್ದಾರೆ, ಇಲ್ಲವೇ ಏನೋ ಸಿಗಲಿ ಎಂದು ಕಾಯುತ್ತಿದ್ದಾರೆ. ಎರಡೂ ಒಮ್ಮೊಮ್ಮೆ ನಿಜ. ಆದರೆ ದಾವಣಗೆರೆ ಜಿಲ್ಲೆಯ ರಾಜಕಾರಣವನ್ನು ಹತ್ತಿರದಿಂದ ನೋಡಿದರೆ ಆ ಮೌನದ ಹಿಂದೆ ಇದಕ್ಕಿಂತ ಗಟ್ಟಿಯಾದ ಕಾರಣಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ನ್ಯಾಯವಾದವು ಎಂದೇ ನನ್ನ ಅಭಿಪ್ರಾಯ.

ಮೊದಲು ಲೆಕ್ಕ ನೋಡೋಣ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆ ದಾವಣಗೆರೆ ಜಿಲ್ಲೆಯಲ್ಲಿ ಉಳಿದಿರುವುದು ಏಳು ವಿಧಾನಸಭಾ ಕ್ಷೇತ್ರ: ಜಗಳೂರು, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಶಿಷ್ಟ ಜಾತಿಗೆ ಮೀಸಲಾಗಿರುವುದು ಮಾಯಕೊಂಡ ಒಂದೇ. ಅಂದರೆ ಜಿಲ್ಲೆಯ ಉದ್ದಗಲಕ್ಕೆ ದುಡಿದು ಬೆಳೆದ ದಲಿತ ನಾಯಕರಿಗೆ, ಅವರು ಎಡಗೈ ಸಮುದಾಯದವರಿರಲಿ, ಬಲಗೈಯವರಿರಲಿ, ಲಂಬಾಣಿಯವರಿರಲಿ, ಭೋವಿಯವರಿರಲಿ, ವಿಧಾನಸೌಧಕ್ಕೆ ಹೋಗಲು ಇರುವುದು ಇದೊಂದೇ ದಾರಿ. ಸಾಮಾನ್ಯ ಕ್ಷೇತ್ರದಲ್ಲಿ ಅವರಿಗೆ ಟಿಕೆಟ್ ಕೊಡುವ ಧೈರ್ಯವನ್ನು ಯಾವ ಪಕ್ಷವೂ ತೋರಿಸಿದ್ದು ಕಾಣೆ.

ಬೇರೆ ಕಡೆ ಟಿಕೆಟ್ ತಪ್ಪಿದವರಿಗೆ ಪಕ್ಕದ ಕ್ಷೇತ್ರದ ಆಸೆ ತೋರಿಸಬಹುದು. ಬಿಜೆಪಿಯ ಎಸ್.ಎ. ರವೀಂದ್ರನಾಥ್ ಅವರ ರಾಜಕೀಯ ಜೀವನವೇ ಇದಕ್ಕೆ ಸಾಕ್ಷಿ. ಅವರು 1994, 1999, 2004ರಲ್ಲಿ ಸತತವಾಗಿ ಮಾಯಕೊಂಡದಿಂದ ಗೆದ್ದವರು. 2008ರಲ್ಲಿ ಕ್ಷೇತ್ರ ಮೀಸಲಾದಾಗ ಹೊಸದಾಗಿ ರಚನೆಯಾದ ದಾವಣಗೆರೆ ಉತ್ತರಕ್ಕೆ ಹೋಗಿ ಅಲ್ಲೂ ಗೆದ್ದರು, ಸಚಿವರಾದರು. ಮಾಯಕೊಂಡದ ಮೀಸಲು ಅಭ್ಯರ್ಥಿಗೆ ಅಂಥ ಎರಡನೇ ಬಾಗಿಲಿಲ್ಲ. ಇಲ್ಲಿ ಟಿಕೆಟ್ ತಪ್ಪಿದರೆ ಎಲ್ಲ ಕಡೆಯೂ ತಪ್ಪಿದ ಹಾಗೆ.

ಈಗ ಅವರ ಜಾಗದಲ್ಲಿ ನಿಂತು ಯೋಚಿಸಿ. ನನ್ನ ಪಕ್ಷ ಇನ್ನೊಬ್ಬರಿಗೆ ಬಿ ಫಾರಂ ಕೊಟ್ಟಿದೆ. ನಾನು ಮನಸಾರೆ ದುಡಿದು ಅವರನ್ನು ಗೆಲ್ಲಿಸಿದರೆ ಐದು ವರ್ಷದ ಮೇಲೆ ಏನಾಗುತ್ತದೆ? ಹಾಲಿ ಶಾಸಕರಿಗೇ ಟಿಕೆಟ್ ಎಂಬುದು ಎಲ್ಲ ಪಕ್ಷಗಳೂ ಬಾಯಲ್ಲಿ ಹೇಳುವ ರೂಢಿ. ಮುರಿಯುವುದುಂಟು, ಆದರೆ ಆರಂಭದ ಮಾತು ಅದೇ. ಹಾಗಾದರೆ ನನ್ನ ಸರದಿ ಬರಲು ಕನಿಷ್ಠ ಹತ್ತು ವರ್ಷ. ಐವತ್ತೈದು ವಯಸ್ಸಿನವರಿಗೆ ಹತ್ತು ವರ್ಷ ಅಂದರೆ ರಾಜಕೀಯ ಜೀವನ ಮುಗಿದ ಲೆಕ್ಕ. ಅದೇ ಅಭ್ಯರ್ಥಿ ಸೋತರೆ ಮುಂದಿನ ಸಲ ಎಲ್ಲರೂ ಮತ್ತೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ಕಹಿ ಲೆಕ್ಕ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಬೆಂಬಲ ತಡವಾಗಲು ಇದಕ್ಕಿಂತ ಬಲವಾದ ಕಾರಣ ಇನ್ನೊಂದಿಲ್ಲ. ವ್ಯಕ್ತಿಯ ಸಣ್ಣತನಕ್ಕಿಂತ ಹೆಚ್ಚಾಗಿ ಒಂದೇ ಕ್ಷೇತ್ರದ ಇಕ್ಕಟ್ಟು ಹುಟ್ಟಿಸಿದ ಲೆಕ್ಕ ಇದು.

ಇದಕ್ಕೆ ಇನ್ನೊಂದು ಇಕ್ಕಟ್ಟು ಸೇರಿಕೊಂಡಿದೆ. ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವಿಚಾರಣೆ ಎನ್ನುತ್ತ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಆನಗೋಡು, ಅಣಜಿ, ಮಾಯಕೊಂಡ, ತ್ಯಾವಣಿಗೆ, ಬಸವಾಪಟ್ಟಣ ಭಾಗದ ಎರಡನೇ ಸಾಲಿನ ನಾಯಕರಿಗೆ ಜಿಲ್ಲಾ ಪಂಚಾಯಿತಿ ಸದಸ್ಯತ್ವ ಸಣ್ಣ ಹುದ್ದೆಯಾಗಿರಲಿಲ್ಲ. ವಿಧಾನಸಭೆ ಟಿಕೆಟ್ ತಪ್ಪಿದವರನ್ನು ಸಮಾಧಾನಪಡಿಸಲು ಪಕ್ಷದ ಕೈಯಲ್ಲಿದ್ದ ನಿಜವಾದ ಜಾಗ ಅದು. ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಸ್ಥಾನ, ಸ್ಥಾಯಿ ಸಮಿತಿ, ತಾಲ್ಲೂಕು ಪಂಚಾಯಿತಿ ಎಲ್ಲವೂ ಖಾಲಿಯಾದ ಮೇಲೆ ಪಕ್ಷಕ್ಕೆ ಕೊಡಲು ಉಳಿದದ್ದು ನಿಗಮ, ಮಂಡಳಿಗಳ ಭರವಸೆ ಮಾತ್ರ. ಸರ್ಕಾರ ಬಂದರೆ ಸಿಗಬಹುದಾದ, ಬಂದರೂ ಸಿಗದಿರಬಹುದಾದ ಭರವಸೆ. ಅದನ್ನು ನಂಬಿ ಮೊದಲ ದಿನವೇ ಬೆಂಬಲ ಘೋಷಿಸಿ ಎಂದು ಯಾರನ್ನಾದರೂ ಹೇಗೆ ಕೇಳುವುದು?

ಇನ್ನು ಕಾರ್ಯಕರ್ತರ ಮಾತು. ಕಾರ್ಯಕರ್ತರನ್ನು ಕೇಳಿ ಹೇಳುತ್ತೇನೆ ಎಂಬುದನ್ನು ನಾವು ನೆಪ ಎಂದುಕೊಳ್ಳುತ್ತೇವೆ. ಹಳ್ಳಿಯಲ್ಲಿ ಅದು ನೆಪವಲ್ಲ. ಟಿಕೆಟ್‌ಗಾಗಿ ಇಬ್ಬರು ನಾಯಕರು ಎರಡು ಮೂರು ವರ್ಷ ಪೈಪೋಟಿ ನಡೆಸುವಾಗ ಅವರ ಹಿಂದಿರುವ ಹುಡುಗರೂ ಎರಡಾಗುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಹಾಲಿನ ಸೊಸೈಟಿಯಲ್ಲಿ, ಜಾತ್ರೆಯ ಸಮಿತಿಯಲ್ಲಿ ಅವರು ಎದುರು ಬದುರು ನಿಂತಿರುತ್ತಾರೆ. ಮಾತಿಗೆ ಮಾತು ಬೆಳೆದು ಠಾಣೆಯವರೆಗೆ ಹೋಗಿರುತ್ತದೆ. ನಾಯಕರು ಒಂದು ವೇದಿಕೆಯಲ್ಲಿ ಕೈ ಹಿಡಿದೆತ್ತಿದ ಮಾತ್ರಕ್ಕೆ ಅವರು ಮರುದಿನ ಒಟ್ಟಿಗೆ ಕರಪತ್ರ ಹಂಚುವುದಿಲ್ಲ. ಅವಸರದಲ್ಲಿ ಬೆಂಬಲ ಕೊಟ್ಟ ನಾಯಕನನ್ನು ತನ್ನವರೇ ಮಾರಿಕೊಂಡವನು ಅನ್ನುತ್ತಾರೆ. ಆ ಮಾತು ಒಮ್ಮೆ ಅಂಟಿದರೆ ಹೋಗುವುದಿಲ್ಲ.

2019ರ ಮಂಡ್ಯ ಲೋಕಸಭಾ ಚುನಾವಣೆ ನೆನಪಿಸಿಕೊಳ್ಳಿ. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಸರ್ಕಾರ ನಡೆಸುತ್ತಿದ್ದವು. ಮೈತ್ರಿ ಅಭ್ಯರ್ಥಿಯಾಗಿ ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ನಿಂತರು. ಎನ್. ಚಲುವರಾಯಸ್ವಾಮಿಯಂಥ ಕಾಂಗ್ರೆಸ್ಸಿಗರು ವರ್ಷದ ಹಿಂದಷ್ಟೇ ಜೆಡಿಎಸ್ ಅಭ್ಯರ್ಥಿಗಳ ಎದುರು ಸೋತಿದ್ದರು. ಸೋಲಿಸಿದವರ ಪರವಾಗಿ ಮನೆ ಮನೆಗೆ ಹೋಗಿ ಎಂದು ಬೆಂಗಳೂರಿನಲ್ಲಿ ತೀರ್ಮಾನವಾಯಿತು. ಅವರು ಹೋಗಲಿಲ್ಲ. ಪಕ್ಷೇತರ ಅಭ್ಯರ್ಥಿ ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಅದೇ ವರ್ಷ ತುಮಕೂರಿನಲ್ಲಿ ಕಾಂಗ್ರೆಸ್ಸಿನ ಹಾಲಿ ಸಂಸದ ಎಸ್.ಪಿ. ಮುದ್ದಹನುಮೇಗೌಡರ ಜಾಗವನ್ನು ಎಚ್.ಡಿ. ದೇವೇಗೌಡರಿಗೆ ಬಿಟ್ಟುಕೊಡಲಾಯಿತು. ಮುದ್ದಹನುಮೇಗೌಡರು ನಾಮಪತ್ರ ಸಲ್ಲಿಸಿ, ಒತ್ತಡಕ್ಕೆ ಮಣಿದು ವಾಪಸ್ ಪಡೆದರು. ದೇವೇಗೌಡರು 13,339 ಮತಗಳಿಂದ ಸೋತರು. ನಾಮಪತ್ರ ವಾಪಸ್ ಪಡೆಯುವುದು ಒಂದು ಸಹಿಯ ಕೆಲಸ. ಅದರ ಹಿಂದಿದ್ದ ಮನಸ್ಸುಗಳನ್ನು ತಿರುಗಿಸುವುದು ಬೇರೆ ಕೆಲಸ, ಅದಕ್ಕೆ ದಿನ ಬೇಕು.

ದಾವಣಗೆರೆ ಜಿಲ್ಲೆಯಲ್ಲೇ 2023ರಲ್ಲಿ ನಡೆದದ್ದನ್ನು ನೋಡಿ. ಜಗಳೂರಿನಲ್ಲಿ ಎಚ್.ಪಿ. ರಾಜೇಶ್ 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು, 2018ರಲ್ಲಿ ಅದೇ ಪಕ್ಷದಿಂದ ನಿಂತು ಸೋತವರು. 2023ರಲ್ಲಿ ಟಿಕೆಟ್ ಬಿ. ದೇವೇಂದ್ರಪ್ಪ ಅವರಿಗೆ ಹೋಯಿತು. ರಾಜೇಶ್ ಪಕ್ಷೇತರರಾಗಿ ನಿಂತರು. ಬಿಜೆಪಿ ಅಭ್ಯರ್ಥಿಯೂ ಸೇರಿ ಮೂವರೂ ಬಹುತೇಕ ಸಮಸಮ ಮತ ಪಡೆದರು. ದೇವೇಂದ್ರಪ್ಪ ಬಿಜೆಪಿಯ ಎಸ್.ವಿ. ರಾಮಚಂದ್ರ ಅವರನ್ನು ಸೋಲಿಸಿದ್ದು 874 ಮತಗಳ ಅಂತರದಲ್ಲಿ. ಹರಿಹರದಲ್ಲಿ ಕಾಂಗ್ರೆಸ್ ತನ್ನ ಹಾಲಿ ಶಾಸಕ ಎಸ್. ರಾಮಪ್ಪ ಅವರನ್ನು ಬಿಟ್ಟು ನಂದಿಗಾವಿ ಶ್ರೀನಿವಾಸ್ ಅವರಿಗೆ ಟಿಕೆಟ್ ಕೊಟ್ಟಿತು. ಅಲ್ಲಿ ಬಿಜೆಪಿಯ ಬಿ.ಪಿ. ಹರೀಶ್ ಗೆದ್ದರು. ಜಿಲ್ಲೆಯ ಏಳರಲ್ಲಿ ಆರು ಕ್ಷೇತ್ರ ಕಾಂಗ್ರೆಸ್ಸಿಗೆ ಬಂದವು, ಬಾರದೆ ಉಳಿದದ್ದು ಹರಿಹರ ಒಂದೇ. ಚನ್ನಗಿರಿಯಲ್ಲಿ ಬಿಜೆಪಿ ಶಾಸಕರ ಮಗ ಮಾಡಾಳ್ ಮಲ್ಲಿಕಾರ್ಜುನ್ ಪಕ್ಷೇತರರಾಗಿ ಎರಡನೇ ಸ್ಥಾನಕ್ಕೆ ಬಂದರು, ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯವರಾದರು. ಪಕ್ಕದ ಹರಪನಹಳ್ಳಿಯಲ್ಲಂತೂ ಕಾಂಗ್ರೆಸ್ ಟಿಕೆಟ್ ಸಿಗದ ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿಯೇ ಗೆದ್ದರು.

ಇಷ್ಟು ಉದಾಹರಣೆಗಳು ಒಂದೇ ಸಾಲಿನಲ್ಲಿ, ಒಂದೇ ಭಾಗದಲ್ಲಿ ಸಿಗುತ್ತವೆ. ಹಾಗಾಗಿ ಇಲ್ಲಿ ಟಿಕೆಟ್ ತಪ್ಪಿದವರ ಮೌನವನ್ನು ಪಕ್ಷಗಳು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆದರೆ ಈ ಉದಾಹರಣೆಗಳಲ್ಲಿ ಹೆಚ್ಚಿನವು ಬಹಿರಂಗ ಬಂಡಾಯದವು. ಬಂಡಾಯಕ್ಕೆ ಬೆಲೆಯಿದೆ. ಆರು ವರ್ಷ ಉಚ್ಚಾಟನೆ, ಚುನಾವಣೆಯ ಖರ್ಚು, ಸೋತರೆ ಊರಿನಲ್ಲಿ ತಲೆ ತಗ್ಗಿಸುವ ಪಾಡು. ಅಷ್ಟು ಬೆಲೆ ತೆರಲು ಆಗದವರಿಗೆ, ಮನಸ್ಸಿಲ್ಲದವರಿಗೆ ಉಳಿಯುವುದು ತಟಸ್ಥವಾಗಿರುವುದು. ಮನೆಯಲ್ಲಿ ಕೂತರೆ ಪಕ್ಷ ಶಿಸ್ತುಕ್ರಮ ಕೈಗೊಳ್ಳಲಾರದು. ಪ್ರಚಾರಕ್ಕೆ ಬರಲಿಲ್ಲ ಎಂದು ನೋಟಿಸ್ ಕೊಟ್ಟರೆ ಆರೋಗ್ಯ ಸರಿಯಿರಲಿಲ್ಲ ಎಂದರೆ ಮುಗಿಯಿತು.

ತಟಸ್ಥವಾಗಿರಲು ಇನ್ನೊಂದು ಕಾರಣವಿದೆ. ಅದನ್ನು ನಾಯಕರು ತಮ್ಮ ಹತ್ತಿರದವರಿಗೂ ಹೇಳಿಕೊಳ್ಳಲಾರರು. ನನ್ನ ಮಾತಿಗೆ ಎಷ್ಟು ಮತ ಕದಲುತ್ತದೆ ಎಂಬುದು ನನಗೇ ಗೊತ್ತಿಲ್ಲ ಎಂಬ ಅಳುಕು. ಹೋದ ಸಲ ನನಗೆ ನಲವತ್ತು ಸಾವಿರ ಮತ ಬಂದಿದ್ದರೆ ಅದರಲ್ಲಿ ಪಕ್ಷದ ಮತ ಎಷ್ಟು, ಜಾತಿಯದು ಎಷ್ಟು, ಎದುರಾಳಿಯ ಮೇಲಿನ ಸಿಟ್ಟು ಎಷ್ಟು, ನನ್ನದೇ ಎನ್ನುವುದು ಎಷ್ಟು? ಬೆಂಬಲ ಘೋಷಿಸಿದ ಮೇಲೂ ಆ ಮತಗಳು ಅಭ್ಯರ್ಥಿಗೆ ಹೋಗದಿದ್ದರೆ ನಾಯಕನ ಬಲ ಎಷ್ಟೆಂದು ಬೂತ್‌ವಾರು ಅಂಕಿಯಲ್ಲೇ ಬಯಲಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದರೂ ನನ್ನಿಂದ, ಸೋತರೂ ನಾನಿಲ್ಲದ್ದರಿಂದ ಎಂದುಕೊಳ್ಳಲು ಅವಕಾಶ ಉಳಿಯುತ್ತದೆ. ಇವತ್ತಿನ ಮತದಾರ ಯಾರ ಮಾತನ್ನೂ ಕೇಳಿ ಮತ ಹಾಕುವುದಿಲ್ಲ ಎಂಬುದು ನಾಯಕರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇದೆಲ್ಲ ಒಟ್ಟಿಗೇ ಕಾಣಿಸಿಕೊಂಡದ್ದು 2024ರ ದಾವಣಗೆರೆ ಲೋಕಸಭಾ ಚುನಾವಣೆಯಲ್ಲಿ. ಮಾಯಕೊಂಡ ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. 1996ರಿಂದ ಈ ಕ್ಷೇತ್ರವನ್ನು ಪ್ರತಿನಿಧಿಸಿದ್ದು ಎರಡೇ ಕುಟುಂಬ. ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪ 1996 ಮತ್ತು 1999ರಲ್ಲಿ, ನಡುವೆ 1998ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ, 2004ರಿಂದ 2019ರವರೆಗೆ ನಾಲ್ಕು ಸಲ ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ. 2024ರ ಮಾರ್ಚ್ 13ರಂದು ಬಿಜೆಪಿ ಸಿದ್ದೇಶ್ವರ ಅವರ ಪತ್ನಿ ಗಾಯಿತ್ರಿ ಅವರ ಹೆಸರು ಪ್ರಕಟಿಸಿತು. ಕಾಂಗ್ರೆಸ್ ಶಾಮನೂರರ ಸೊಸೆ, ಸಚಿವ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಪತ್ನಿ ಡಾ. ಪ್ರಭಾ ಅವರನ್ನು ಕಣಕ್ಕಿಳಿಸಿತು.

ಬಿಜೆಪಿಯಲ್ಲಿ ಸಿಟ್ಟು ಬಹಿರಂಗವಾಗಿಯೇ ಹೊರಬಂತು. ವರ್ಷದ ಹಿಂದೆ ಹೊನ್ನಾಳಿಯಲ್ಲಿ ಸೋತು, ಲೋಕಸಭೆಗೆ ತಾವೂ ಆಕಾಂಕ್ಷಿಯಾಗಿದ್ದ ಎಂ.ಪಿ. ರೇಣುಕಾಚಾರ್ಯ, ಹಿರಿಯರಾದ ಎಸ್.ಎ. ರವೀಂದ್ರನಾಥ್ ಮತ್ತು ಜಿಲ್ಲೆಯ ಹಲವು ಮುಖಂಡರು ಅಭ್ಯರ್ಥಿಯನ್ನು ಬದಲಿಸಬೇಕೆಂದು ಒತ್ತಾಯಿಸಿದರು. ಬಿ.ಎಸ್. ಯಡಿಯೂರಪ್ಪ ದಾವಣಗೆರೆಗೆ ಬಂದು ಮನವೊಲಿಸಬೇಕಾಯಿತು. ಒಪ್ಪಿಗೆ ಬಂತು. ಆದರೆ ಒಪ್ಪಿದ ಬಾಯಿ ಎಷ್ಟು ದುಡಿಯಿತು ಎಂಬ ಪ್ರಶ್ನೆ ಫಲಿತಾಂಶದ ಮೇಲೂ ಆ ಪಕ್ಷವನ್ನು ಬಿಡಲಿಲ್ಲ. ಸೋಲಿನ ನಂತರ ಸಿದ್ದೇಶ್ವರ ಸ್ವಪಕ್ಷದವರನ್ನೇ ದೂರಿದರು, ಆ ಜಗಳ ಬೀದಿಯಲ್ಲೇ ನಡೆಯಿತು.

ರವೀಂದ್ರನಾಥ್ ಅವರ ನಿಲುವನ್ನು ಬರೀ ಮುನಿಸು ಎಂದು ತಳ್ಳಿಹಾಕುವ ಮೊದಲು 1991 ನೆನಪಿರಲಿ. ಆ ವರ್ಷ ಅವರೇ ಬಿಜೆಪಿಯ ಲೋಕಸಭಾ ಅಭ್ಯರ್ಥಿ. ಕಾಂಗ್ರೆಸ್ಸಿನ ಚನ್ನಯ್ಯ ಒಡೆಯರ್ ಎದುರು ಸೋತದ್ದು ಕೇವಲ 455 ಮತಗಳಿಂದ. ಒಂದೆರಡು ಹಳ್ಳಿಯ ಮನಸ್ಸು ಲೋಕಸಭೆಯ ಫಲಿತಾಂಶವನ್ನೇ ತಿರುಗಿಸಬಲ್ಲದು ಎಂಬುದನ್ನು ಅವರಷ್ಟು ನೋವಿನಿಂದ ಕಲಿತವರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು. ಹಾಗೆ ಪಕ್ಷ ಕಟ್ಟಿದವರನ್ನು ಕೇಳದೆ ಟಿಕೆಟ್ ಒಂದೇ ಮನೆಯಲ್ಲಿ ಸುತ್ತುತ್ತಿದ್ದರೆ, ಬೇರೆಯವರ ಸರದಿ ಯಾವಾಗ ಎಂದು ಕೇಳುವುದು ತಪ್ಪಲ್ಲ. ಕುಟುಂಬದವರಿಗೇ ಟಿಕೆಟ್ ಎಂಬ ಪದ್ಧತಿಗೆ ಎದುರು ಹೇಳುವ ಧೈರ್ಯ ಕಾರ್ಯಕರ್ತರಿಗೆ ಇರುವುದಿಲ್ಲ, ಇದ್ದರೂ ಅವರ ಮಾತು ದೆಹಲಿಗೆ ತಲುಪುವುದಿಲ್ಲ. ಮಾಜಿ ಅಭ್ಯರ್ಥಿಯ ಮಾತು ತಲುಪುತ್ತದೆ. ಈ ಕಾರಣಕ್ಕೆ ಬೆಂಬಲ ತಡೆಹಿಡಿದವರ ಪರವಾಗಿ ನಿಲ್ಲಲು ನನಗೆ ಹಿಂಜರಿಕೆಯಿಲ್ಲ.

ಕಾಂಗ್ರೆಸ್ಸಿನಲ್ಲೂ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಟಿಕೆಟ್ ಕೇಳಿ ಸಿಗದ ಜಿ.ಬಿ. ವಿನಯ್ ಕುಮಾರ್ ಪಕ್ಷೇತರರಾಗಿ ನಿಂತು 42,907 ಮತ ಪಡೆದರು. ಪ್ರಭಾ ಮಲ್ಲಿಕಾರ್ಜುನ್ ಗೆದ್ದ ಅಂತರ 26,094. ಅಂದರೆ ಪಕ್ಷೇತರರಿಗೆ ಬಂದ ಮತ ಗೆಲುವಿನ ಅಂತರಕ್ಕಿಂತ ಹೆಚ್ಚು. ಆ ಮತಗಳು ಯಾರ ಕಡೆಯಿಂದ ಎಷ್ಟು ಬಂದವು ಎಂದು ಯಾರೂ ಹೇಳಲಾರರು. 2019ರಲ್ಲಿ ಕಾಂಗ್ರೆಸ್ಸಿನ ಎಚ್.ಬಿ. ಮಂಜಪ್ಪ 1,69,702 ಮತಗಳಿಂದ ಸೋತ ಕ್ಷೇತ್ರ ಇದು. ಆ ಸಲ ಟಿಕೆಟ್ ಎರಡೂ ಕುಟುಂಬಗಳ ಹೊರಗೆ ಹೋಗಿತ್ತು, ಆದರೆ ಸೋಲು ಖಚಿತ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷ ಅದು. ಗೆಲ್ಲುವ ಹೊತ್ತಿಗೆ ಟಿಕೆಟ್ ಮತ್ತೆ ಮನೆಯೊಳಗೆ ಬಂತು. ಇದನ್ನು ಕಂಡ ಸಾಮಾನ್ಯ ಮುಖಂಡರ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂದು ಪಕ್ಷದ ಹಿರಿಯರು ಯೋಚಿಸಬೇಕಿತ್ತು.

ಬೆಂಬಲ ಯಾವಾಗ ಹೇಳಬೇಕು ಎಂಬ ಪ್ರಶ್ನೆ ಅಮೆರಿಕದಲ್ಲಿ ಬೇರೆ ಹಂತದಲ್ಲಿ ಏಳುತ್ತದೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ರಾಜ್ಯ ರಾಜ್ಯಗಳ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ಹತ್ತಾರು ಮಂದಿ ನಿಂತು, ಒಬ್ಬೊಬ್ಬರೇ ಹಿಂದೆ ಸರಿಯುತ್ತ, ಉಳಿದವರಲ್ಲಿ ಯಾರನ್ನು ಬೆಂಬಲಿಸುತ್ತೇವೆ ಎಂದು ಹೇಳುವುದು ವಾಡಿಕೆ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಟಿಕೆಟ್ ಬಯಸಿದ್ದ ಎಲಿಜಬೆತ್ ವಾರೆನ್ 2020ರ ಮಾರ್ಚ್ 5ರಂದು ಕಣದಿಂದ ಸರಿದರು. ಆಗ ಉಳಿದಿದ್ದವರಲ್ಲಿ ಮುಖ್ಯರು ಜೋ ಬೈಡನ್ ಮತ್ತು ಬರ್ನಿ ಸ್ಯಾಂಡರ್ಸ್. ವಿಚಾರದಲ್ಲಿ ಅವರು ಸ್ಯಾಂಡರ್ಸ್‌ಗೆ ಹತ್ತಿರ. ಆದರೂ ಇಬ್ಬರಲ್ಲಿ ಯಾರ ಹೆಸರನ್ನೂ ಹೇಳಲಿಲ್ಲ. ಸ್ಯಾಂಡರ್ಸ್ ಕೂಡ ಹಿಂದೆ ಸರಿದ ಮೇಲೆ, ಏಪ್ರಿಲ್ 15ರಂದು ಬೈಡನ್‌ಗೆ ಬೆಂಬಲ ಘೋಷಿಸಿದರು. ಗೆಲ್ಲುವ ದಾರಿ ಕಾಣದ ಗೆಳೆಯನ ಪರ ನಿಂತರೆ ಗೆಲ್ಲುವವರ ಬಳಿ ತನ್ನ ಕಾರ್ಯಕ್ರಮಗಳಿಗೆ ಜಾಗ ಕೇಳಲಾಗುವುದಿಲ್ಲ, ಗೆಲ್ಲುವವರ ಪರ ನಿಂತರೆ ತನ್ನನ್ನು ನಂಬಿ ಬಂದವರು ಬೇಸರಪಡುತ್ತಾರೆ. ಅಂಥ ಇಕ್ಕಟ್ಟಿನಲ್ಲಿ ಅವರು ಕಾದರು ಎಂದೇ ನಾನು ಅದನ್ನು ಓದುತ್ತೇನೆ.

ರಿಪಬ್ಲಿಕನ್ ಪಕ್ಷದ ನಿಕ್ಕಿ ಹೇಲಿ ಅವರದು ಇನ್ನೂ ನೇರವಾದ ದಾರಿ. 2024ರ ಮಾರ್ಚ್ 6ರಂದು ಸ್ಪರ್ಧೆಯಿಂದ ಸರಿದಾಗ ಡೊನಾಲ್ಡ್ ಟ್ರಂಪ್ ಅವರಿಗೆ ಬೆಂಬಲ ಘೋಷಿಸಲಿಲ್ಲ. ತನಗೆ ಮತ ಹಾಕಿದವರ ಮನಸ್ಸನ್ನು ಗೆಲ್ಲುವುದು ಟ್ರಂಪ್ ಅವರ ಹೊಣೆ ಎಂದು ಎಲ್ಲರ ಎದುರು ಹೇಳಿದರು. ಮೇ ತಿಂಗಳಲ್ಲಿ ಟ್ರಂಪ್‌ಗೆ ಮತ ಹಾಕುವುದಾಗಿ ಹೇಳಿದರು, ಜುಲೈನಲ್ಲಿ ಪಕ್ಷದ ಸಮಾವೇಶದಲ್ಲಿ ಪೂರ್ಣ ಬೆಂಬಲ ಕೊಟ್ಟರು. ನಮ್ಮ ಕಡೆ ಇದೇ ಭಾವನೆ ಬೇರೆ ಮಾತಿನಲ್ಲಿ ಬರುತ್ತದೆ: ಸೌಜನ್ಯಕ್ಕಾದರೂ ಮನೆಗೆ ಬಂದು ಕರೆಯಲಿಲ್ಲ. ಟಿಕೆಟ್ ಸಿಕ್ಕ ಮರುದಿನ ಅಭ್ಯರ್ಥಿ ದೇವಸ್ಥಾನಕ್ಕೆ, ಮಠಕ್ಕೆ ಹೋಗುತ್ತಾರೆ. ಪೈಪೋಟಿ ನಡೆಸಿದವರ ಮನೆಗೆ ಹೋಗುವುದಿಲ್ಲ, ಹೈಕಮಾಂಡ್ ಹೇಳಿದೆಯಲ್ಲ, ಬರಲೇಬೇಕು ಎಂದುಕೊಳ್ಳುತ್ತಾರೆ. ಮನೆಗೆ ಹೋಗಿ, ಒಂದು ಲೋಟ ಚಹಾ ಕುಡಿದು, ನಿಮ್ಮ ಹುಡುಗರಿಗೆ ನನ್ನಿಂದ ತೊಂದರೆಯಾಗುವುದಿಲ್ಲ ಎಂದು ಹೇಳಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಕಾರ್ಯಕರ್ತರ ಮೇಲಿನ ಕೇಸು, ಗುತ್ತಿಗೆ, ಪಂಚಾಯಿತಿ ಕೆಲಸ, ಜಮೀನಿನ ಖಾತೆಯಂಥ ದಿನನಿತ್ಯದ ಭಯಗಳು ಆ ಚಹಾದ ಹಿಂದಿರುತ್ತವೆ.

ಅಮೆರಿಕಕ್ಕೂ ನಮಗೂ ಇರುವ ದೊಡ್ಡ ವ್ಯತ್ಯಾಸ ಎಣಿಕೆಯದು. ಅಲ್ಲಿ ಸೋತವರಿಗೆ ತಾವು ಯಾರಿಗೆ ಎಷ್ಟು ಮತಗಳಿಂದ ಸೋತೆವು ಎಂದು ಗೊತ್ತು. ತಡವಾದರೂ ಬೆಂಬಲ ಕೊಡಲು ಒಂದು ಆಧಾರವಿದೆ: ಪಕ್ಷದ ಜನ ಇನ್ನೊಬ್ಬರನ್ನು ಆರಿಸಿದರು. ಮಾಯಕೊಂಡದಲ್ಲಿ ಟಿಕೆಟ್ ತಪ್ಪಿದವರು ಯಾರಿಗೂ ಸೋತಿಲ್ಲ. ಒಂದು ರಾತ್ರಿ ದೆಹಲಿಯಿಂದ ಪಟ್ಟಿ ಬಂತು, ಅದರಲ್ಲಿ ಹೆಸರಿರಲಿಲ್ಲ, ಅಷ್ಟೆ. ಯಾಕೆ ಇಲ್ಲ ಎಂದು ಹೇಳುವವರು ಯಾರೂ ಇಲ್ಲ. ಸಮೀಕ್ಷೆ ಅನ್ನುತ್ತಾರೆ, ಸಮೀಕ್ಷೆಯನ್ನು ಯಾರೂ ನೋಡಿಲ್ಲ. ಎಣಿಸಿ ಸೋಲಿಸಿದರೆ ಮನುಷ್ಯ ಒಪ್ಪಿಕೊಳ್ಳುತ್ತಾನೆ. ಎಣಿಸದೆ ಕೈಬಿಟ್ಟರೆ ಯಾವುದನ್ನು ಒಪ್ಪಿಕೊಳ್ಳಬೇಕು? ನಮ್ಮ ಮಾಜಿ ಅಭ್ಯರ್ಥಿಗಳ ಮೌನದ ಮೂಲ ಇಲ್ಲಿದೆ.

ಹಾಗೆಂದು ಎಣಿಸಿ ಟಿಕೆಟ್ ಕೊಡುವ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲ ಎಂದಲ್ಲ. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿಯವರ ಸೂಚನೆಯಂತೆ ದೇಶದ ಕೆಲವೇ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಒಳಚುನಾವಣೆ ನಡೆಸಿತು. ಕರ್ನಾಟಕದ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಪಕ್ಷದ ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಮತ ಹಾಕಿದರು. ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ, ವೀರಪ್ಪ ಮೊಯಿಲಿಯವರ ಮಗ ಹರ್ಷ ಮೊಯಿಲಿ ಎದುರು ಗೆದ್ದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಆಮೇಲೆ ಇಬ್ಬರೂ ಚುನಾವಣೆಯಲ್ಲಿ ಸೋತರು, ಪೂಜಾರಿ ನಳಿನ್ ಕುಮಾರ್ ಕಟೀಲ್ ಎದುರು, ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡರ ಎದುರು. ಪಕ್ಷ ಆ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟಿತು. ಮೋದಿಯವರ ಅಲೆ ದೇಶವನ್ನೇ ಕೊಚ್ಚಿದ ವರ್ಷದ ಸೋಲನ್ನು ಒಳಚುನಾವಣೆಯ ತಲೆಗೆ ಕಟ್ಟಿದ್ದು ಅನ್ಯಾಯ. ಸಚಿವರ ಮಗನ ಎದುರು ಪಕ್ಷದ ಹಿರಿಯರೊಬ್ಬರು ಮತ ಎಣಿಕೆಯಲ್ಲಿ ಗೆದ್ದು ಟಿಕೆಟ್ ಪಡೆದರು ಎಂಬ ಸಂಗತಿಯನ್ನು ಯಾರೂ ಗಮನಿಸಲಿಲ್ಲ.

2023ರ ವಿಧಾನಸಭಾ ಚುನಾವಣೆಗೆ ಮೊದಲು, ಮಾರ್ಚ್ 31ರಂದು, ರಾಜ್ಯ ಬಿಜೆಪಿ ಕ್ಷೇತ್ರವಾರು ಪದಾಧಿಕಾರಿಗಳಿಂದ ಮತಪತ್ರದಲ್ಲಿ ಮೂರು ಮೂರು ಹೆಸರು ಬರೆಸಿಕೊಂಡಿತು. ಒಳ್ಳೆಯ ಹೆಜ್ಜೆ. ಆದರೆ ಯಾರಿಗೆ ಎಷ್ಟು ಬಂತೆಂದು ಪಕ್ಷ ಹೊರಗೆ ಹೇಳಲಿಲ್ಲ. ಮತ ಹಾಕಿಸಿ ಎಣಿಕೆ ಮುಚ್ಚಿಟ್ಟರೆ ಅನುಮಾನ ಇನ್ನೂ ಹೆಚ್ಚುತ್ತದೆ, ಎಲ್ಲ ಆಕಾಂಕ್ಷಿಗಳೂ ನನಗೇ ಹೆಚ್ಚು ಬಂದಿತ್ತು ಎಂದು ನಂಬುತ್ತಾರೆ. ಕಾಂಗ್ರೆಸ್ ಅದೇ ಚುನಾವಣೆಗೆ ಆಕಾಂಕ್ಷಿಗಳಿಂದ ಅರ್ಜಿ ಕರೆಯಿತು. ಅರ್ಜಿಗೆ 5 ಸಾವಿರ ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರು 2 ಲಕ್ಷ, ಪರಿಶಿಷ್ಟರು 1 ಲಕ್ಷ ಕಟ್ಟಬೇಕಿತ್ತು. ಮಾಯಕೊಂಡದಂಥ ಮೀಸಲು ಕ್ಷೇತ್ರದಲ್ಲಿ ಒಂದು ಲಕ್ಷ ಹೊಂದಿಸುವುದು ಅನೇಕರಿಗೆ ಸುಲಭದ ಮಾತಲ್ಲ. ಹಣ ಕಟ್ಟಿ ಅರ್ಜಿ ಹಾಕಿದವರಿಗೆ, ನಿಮ್ಮನ್ನು ಈ ಕಾರಣಕ್ಕೆ ಪರಿಗಣಿಸಲಾಗಲಿಲ್ಲ ಎಂದು ಒಂದು ಸಾಲಿನ ಉತ್ತರ ಕೊಡುವಷ್ಟು ಗೌರವ ಪಕ್ಷಕ್ಕೆ ಇರಬೇಡವೇ?

ಮೌನಕ್ಕೆ ಕಾರಣವಿದೆ ಎಂದು ಹೇಳಿದ ಮಾತ್ರಕ್ಕೆ ಆ ಮೌನ ಸರಿ ಎಂದಾಗುವುದಿಲ್ಲ. ನನ್ನ ತಕರಾರು ಬೆಂಬಲ ತಡೆಹಿಡಿಯುವುದರ ಬಗ್ಗೆ ಅಲ್ಲ, ಕಾರಣವನ್ನು ಮುಚ್ಚಿಡುವುದರ ಬಗ್ಗೆ. ಚುನಾವಣೆಯಲ್ಲಿ ನಿಂತು ಮತ ಪಡೆದವರು, ಸೋತಿದ್ದರೂ, ಆ ಮತಗಳ ಋಣದಲ್ಲಿರುತ್ತಾರೆ. ಹೇಲಿ ಮೊದಲ ದಿನವೇ ತಮ್ಮ ಕಾರಣ ಹೇಳಿದರು, ಅದನ್ನು ಒಪ್ಪುವವರು ಒಪ್ಪಿದರು, ಬಿಡುವವರು ಬಿಟ್ಟರು. ನಮ್ಮವರು ಪತ್ರಕರ್ತರಿಗೆ ಒಂದು, ಹೈಕಮಾಂಡಿಗೆ ಒಂದು, ರಾತ್ರಿ ಬಂದ ಹುಡುಗರಿಗೆ ಇನ್ನೊಂದು ಹೇಳುತ್ತಾರೆ. ಮತದಾನದ ಹಿಂದಿನ ರಾತ್ರಿ ಅಣ್ಣ ಏನು ಹೇಳಿದರು ಎಂದು ಪಿಸುಗುಟ್ಟುವ ಸ್ಥಿತಿಗೆ ಹಳ್ಳಿಯ ಮತದಾರನನ್ನು ದೂಡಬಾರದು. ಒಳಏಟು ಹುಟ್ಟುವುದು ಈ ಪಿಸುಮಾತಿನಲ್ಲೇ. ಅಭ್ಯರ್ಥಿಯ ಆಯ್ಕೆ ತಪ್ಪು ಅನ್ನಿಸಿದರೆ, ಕುಟುಂಬ ರಾಜಕಾರಣ ಬೇಡ ಅನ್ನಿಸಿದರೆ, ನೀರಾವರಿ, ರಸ್ತೆ, ಮಾಯಕೊಂಡ ತಾಲ್ಲೂಕಾಗಬೇಕೆಂಬ ಹಳೆಯ ಬೇಡಿಕೆಯ ಬಗ್ಗೆ ಭರವಸೆ ಬೇಕಿದ್ದರೆ ಅದನ್ನು ಬಹಿರಂಗವಾಗಿ ಕೇಳಲಿ. ತನ್ನ ಮುಂದಿನ ಟಿಕೆಟ್‌ಗಾಗಿ ಕೇಳುವುದಕ್ಕೂ ಊರಿನ ಕೆಲಸಕ್ಕಾಗಿ ಕೇಳುವುದಕ್ಕೂ ಇರುವ ವ್ಯತ್ಯಾಸ ಆಗ ಜನರಿಗೆ ತಾನಾಗಿಯೇ ಕಾಣುತ್ತದೆ.

ಎಣಿಸಿ ಟಿಕೆಟ್ ಕೊಡುವುದು ಪಕ್ಷಗಳಿಗೆ ಕಷ್ಟವಾದ ಕೆಲಸವೇನಲ್ಲ. ಮಾಯಕೊಂಡ ಕ್ಷೇತ್ರದ ಬೂತ್ ಮಟ್ಟದ ಪದಾಧಿಕಾರಿಗಳನ್ನು ಹೋಬಳಿವಾರು ಸೇರಿಸಿ, ಆಕಾಂಕ್ಷಿಗಳ ಎದುರೇ ಮತ ಹಾಕಿಸಿ, ಅಲ್ಲೇ ಎಣಿಸಿ ಹೇಳಬಹುದು. ಕೊನೆಗೆ ವರಿಷ್ಠರು ಬೇರೆಯವರಿಗೆ ಟಿಕೆಟ್ ಕೊಟ್ಟರೂ ಆ ಎಣಿಕೆ ಎಲ್ಲರ ಮುಂದಿರುತ್ತದೆ, ಅದನ್ನು ಮೀರಿದ್ದಕ್ಕೆ ವರಿಷ್ಠರೇ ಉತ್ತರ ಕೊಡಬೇಕಾಗುತ್ತದೆ. ಎಣಿಕೆಯಲ್ಲಿ ಹಿಂದೆ ಬಿದ್ದವರು ಆಗಲೂ ಮನೆಯಲ್ಲೇ ಕೂತರೆ, ಅವರನ್ನು ಪ್ರಶ್ನಿಸುವ ಹಕ್ಕು ಅವರದೇ ಬೂತಿನ ಹುಡುಗರಿಗೆ ಬರುತ್ತದೆ.